ಭಿನ್ನ ಪ್ರೊಸೆಸರ್‌ಗಳ ಕಂಪ್ಯೂಟರ್‌ಗಳಲ್ಲಿ ತಂತ್ರಾಂಶ ಸ್ಥಾಪನೆ

ಒಂದೇ ತಂತ್ರಾಂಶವನ್ನು ಬೇರೆ ಬೇರೆ ಬಗೆಯ ಪ್ರೊಸೆಸರ್‌ಗಳಿರುವ ಕಂಪ್ಯೂಟರ್‌ಗಳಲ್ಲಿ, ಅಡ್ಮಿನ್ ಪಾಸ್‌ವರ್ಡಿನ ಹಂಗಿಲ್ಲದೆ, ಬಳಕೆದಾರರು ತಮ್ಮ ಖಾತೆಯೊಳಗೇ ಇನ್‌ಸ್ಟಾಲ್ ಮಾಡಿಕೊಳ್ಳುವ ವಿಧಾನವಿದು. ಸಂಶೋಧನಾ ಸಂಸ್ಥೆ, ಕಾಲೇಜಿನ ಲ್ಯಾಬು, ಹಳೆಯ ಡೆಸ್ಕ್‌ಟಾಪುಗಳ ಪಕ್ಕದಲ್ಲಿ ಹೊಸ ರಾಸ್ಪ್‌ಬೆರಿ ಪೈ ಇಟ್ಟುಕೊಂಡ ಶಾಲೆ, ಎಲ್ಲೆಡೆಯೂ ಇದರ ಅಗತ್ಯ ಬೀಳುತ್ತದೆ. ಕನ್ನಡ ಬಳಸುವವರಿಗಂತೂ ಇದು ನೇರವಾಗಿ ಸಂಬಂಧಪಟ್ಟದ್ದು. ಯಾವ ಯಂತ್ರ ಬಂದರೂ ಕನ್ನಡದ ಫಾಂಟು, ಕೀಲಿಮಣೆ, ಅಕ್ಷರ ಗುರುತಿಸುವ ಸಾಧನಗಳು ಅದರಲ್ಲಿ ಕೆಲಸ ಮಾಡಲೇಬೇಕು.

ಹಿನ್ನೆಲೆ

ಪ್ರತಿಯೊಂದು ಪ್ರೊಸೆಸರ್ ಕುಟುಂಬವೂ ತನ್ನದೇ ಆದೇಶಗಳನ್ನು ಮಾತ್ರ ಅರಿಯುತ್ತದೆ. 1978ರ ಇಂಟೆಲ್ 8086ರಿಂದ ಬೆಳೆದದ್ದು ಎಕ್ಸ್86 ಕುಟುಂಬ. ಎಎಂಡಿ ಕಂಪನಿ ಅದನ್ನು 64 ಬಿಟ್‌ಗೆ ವಿಸ್ತರಿಸಿ, 2003ರಲ್ಲಿ ಆಪ್ಟೆರಾನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಬ್ರಿಟನ್ನಿನ ಏಕಾರ್ನ್ ಕಂಪನಿಯಲ್ಲಿ 1985ರಲ್ಲಿ ಹುಟ್ಟಿದ ಆರ್ಮ್ ಇಂದು ಮೊಬೈಲುಗಳಲ್ಲಿಯೂ ರಾಸ್ಪ್‌ಬೆರಿ ಪೈಯಲ್ಲಿಯೂ 2020ರ ನಂತರದ ಆಪಲ್ ಕಂಪ್ಯೂಟರ್‌ಗಳಲ್ಲಿಯೂ ಇದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 2010ರಲ್ಲಿ ಆರಂಭವಾದ ರಿಸ್ಕ್-ಫೈವ್ ಯಾರು ಬೇಕಾದರೂ ಬಳಸಬಹುದಾದ ಮುಕ್ತ ವಿನ್ಯಾಸ. ಮದ್ರಾಸ್ ಐಐಟಿಯ ಶಕ್ತಿ ಪ್ರೊಸೆಸರ್ ಇದೇ ಕುಟುಂಬದ್ದು.

ಲಿನಕ್ಸ್‌ನಲ್ಲಿ ಪ್ರೋಗ್ರಾಮುಗಳು ಎಲ್ಫ್ ಎಂಬ ರೂಪದ ಫೈಲುಗಳಾಗಿರುತ್ತವೆ. ಆ ಫೈಲಿನ 19 ಮತ್ತು 20ನೇ ಬೈಟ್‌ಗಳಲ್ಲಿ ಯಂತ್ರದ ಗುರುತು ಬರೆದಿರುತ್ತದೆ: 64 ಬಿಟ್ ಎಕ್ಸ್86 ಆದರೆ 62, 64 ಬಿಟ್ ಆರ್ಮ್ ಆದರೆ 183, ರಿಸ್ಕ್-ಫೈವ್ ಆದರೆ 243. ಗುರುತು ಹೊಂದದಿದ್ದರೆ ಪ್ರೋಗ್ರಾಮು ಶುರುವಾಗುವುದೇ ಇಲ್ಲ. 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಎಂಬ ಸಾಲು ಪರದೆಯ ಮೇಲೆ ಬರುತ್ತದೆ.

ಯಂತ್ರಕ್ಕೆ ಕಟ್ಟುಬಿದ್ದ ಭಾಗ, ಬೀಳದ ಭಾಗ

ತಂತ್ರಾಂಶದ ಎಲ್ಲ ಫೈಲುಗಳೂ ಹೀಗೆ ಯಂತ್ರಕ್ಕೆ ಕಟ್ಟುಬಿದ್ದಿರುವುದಿಲ್ಲ. ಕಂಪೈಲ್ ಆದ ಪ್ರೋಗ್ರಾಮು ಮತ್ತು ಲೈಬ್ರರಿಗಳು ಮಾತ್ರ ಆ ಬಗೆಯವು. ಫಾಂಟು, ಚಿತ್ರ, ಸಹಾಯ ಪುಟ, ಪದಪಟ್ಟಿ, ಪೈಥಾನ್ ಸ್ಕ್ರಿಪ್ಟುಗಳು ಎಲ್ಲ ಕಡೆ ಒಂದೇ. ಗ್ನೂ ಯೋಜನೆಯ ತಂತ್ರಾಂಶಗಳು ಈ ಎರಡು ಪಾಲುಗಳಿಗೆ ಹಿಂದಿನಿಂದಲೂ ಎರಡು ವಿಳಾಸ ಕೇಳುತ್ತವೆ. 'ಪ್ರಿಫಿಕ್ಸ್' ಸಾಮಾನ್ಯ ಫೈಲುಗಳ ಜಾಗ. 'ಎಕ್ಸೆಕ್-ಪ್ರಿಫಿಕ್ಸ್' ಯಂತ್ರಕ್ಕೆ ಕಟ್ಟುಬಿದ್ದ ಫೈಲುಗಳ ಜಾಗ. ಎರಡನ್ನೂ ಬೇರೆ ಮಾಡಿಕೊಟ್ಟರೆ ಸಾಮಾನ್ಯ ಭಾಗವನ್ನು ಒಂದೇ ಸಲ ಇಟ್ಟು, ಪ್ರೋಗ್ರಾಮುಗಳನ್ನು ಪ್ರೊಸೆಸರಿಗೊಂದು ಫೋಲ್ಡರಿನಲ್ಲಿ ಇಡಬಹುದು.

ಲಿನಕ್ಸ್‌ನಲ್ಲಿ ಸ್ವಂತ ಖಾತೆಯ ಸ್ಥಾಪನೆಗೆ ರೂಢಿಯಾದ ಜಾಗ ಹೋಮ್ ಫೋಲ್ಡರಿನೊಳಗಿನ 'ಡಾಟ್ ಲೋಕಲ್'. ನೆಟ್‌ವರ್ಕ್ ಮೂಲಕ ಒಂದೇ ಹೋಮ್ ಫೋಲ್ಡರು ಹಲವು ಯಂತ್ರಗಳಲ್ಲಿ ತೆರೆದುಕೊಳ್ಳುವ ಲ್ಯಾಬುಗಳಲ್ಲಿ ತೊಡಕು ಇಲ್ಲಿಂದಲೇ ಹುಟ್ಟುತ್ತದೆ: ಒಂದು ಪ್ರೊಸೆಸರಿಗಾಗಿ ಇಟ್ಟ ಪ್ರೋಗ್ರಾಮು ಬೇರೆ ಪ್ರೊಸೆಸರಿನ ಯಂತ್ರದಲ್ಲೂ ಎದುರಾಗುತ್ತದೆ. ಡೆಸ್ಕ್‌ಟಾಪುಗಳಿಗಾಗಿ ಫೋಲ್ಡರುಗಳ ಕ್ರಮ ಹೇಳುವ ಎಕ್ಸ್‌ಡಿಜಿ ಮಾನದಂಡವೇ ಈ ಬಗ್ಗೆ ಎಚ್ಚರಿಸುತ್ತದೆ. ಲಾಗಿನ್ ಆದಾಗ ಓಡುವ ಸ್ಕ್ರಿಪ್ಟಿನಲ್ಲಿ 'ಯುನೇಮ್' ಆದೇಶದಿಂದ ಪ್ರೊಸೆಸರ್ ಯಾವುದೆಂದು ತಿಳಿದು, ಅದಕ್ಕೆ ತಕ್ಕ ಫೋಲ್ಡರನ್ನು, ಪ್ರೋಗ್ರಾಮುಗಳನ್ನು ಎಲ್ಲಿ ಹುಡುಕಬೇಕೆಂದು ಹೇಳುವ 'ಪಾತ್' ಪಟ್ಟಿಗೆ ಸೇರಿಸುವುದು ಸರಳ ಪರಿಹಾರ. ಯುನೇಮ್ ಹೇಳುವುದು ಕರ್ನಲ್‌ನ ಬಗೆಯನ್ನು ಮಾತ್ರ ಎಂಬುದು ನೆನಪಿರಬೇಕು. 2023ರಿಂದ 32 ಬಿಟ್ ರಾಸ್ಪ್‌ಬೆರಿ ಪೈ ಓಎಸ್ ಕೂಡ ಹೊಸ ಬೋರ್ಡುಗಳಲ್ಲಿ 64 ಬಿಟ್ ಕರ್ನಲ್ ಮೇಲೆ ಏಳುತ್ತದೆ. ಅಲ್ಲಿ ಯುನೇಮ್ 64 ಎಂದರೂ ಇನ್‌ಸ್ಟಾಲ್ ಆಗಬೇಕಾದದ್ದು 32 ಬಿಟ್ ಪ್ಯಾಕೇಜು. ಡೆಬಿಯನ್ ಬಳಗದ ಲಿನಕ್ಸ್ ವ್ಯವಸ್ಥೆಗಳಲ್ಲಿ ಪ್ಯಾಕೇಜುಗಳನ್ನು ನೋಡಿಕೊಳ್ಳುವ 'ಡಿಪಿಕೆಜಿ'ಯನ್ನು ಕೇಳುವುದೇ ಭರವಸೆಯ ದಾರಿ.

ಕನ್ನಡ ತಂತ್ರಾಂಶಗಳು

ಕನ್ನಡದ ಸಾಧನಗಳಲ್ಲಿ ಈ ವಿಭಜನೆ ಸ್ಪಷ್ಟವಾಗಿ ಕಾಣುತ್ತದೆ. ಗುಬ್ಬಿ, ನವಿಲು, ಲೋಹಿತ್ ಕನ್ನಡ, ನೋಟೊ ಕನ್ನಡ ಫಾಂಟುಗಳನ್ನು ಡಾಟ್ ಲೋಕಲ್‌ನ ಫಾಂಟ್ಸ್ ಫೋಲ್ಡರಿಗೆ ಹಾಕಿದರೆ ಸಾಕು, ಇಂಟೆಲ್ ಆಗಲಿ ಆರ್ಮ್ ಆಗಲಿ ಅಕ್ಷರ ಮೂಡುತ್ತದೆ. ಲಿನಕ್ಸ್‌ನ ಎಂ17ಎನ್ ಲೈಬ್ರರಿಯಲ್ಲಿ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ 'ಕೆಜಿಪಿ' ಎಂಬ ಹೆಸರಿನ ಪಠ್ಯ ಫೈಲಾಗಿದೆ, ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ ಕೀಲಿಮಣೆ ಅದು. ಆ ಫೈಲನ್ನು ಯಾವ ಯಂತ್ರಕ್ಕಾದರೂ ನಕಲು ಮಾಡಬಹುದು. ಅದನ್ನು ಓದಿ ಕೀಲಿಯೊತ್ತನ್ನು ಅಕ್ಷರವಾಗಿಸುವ ಎಂಜಿನ್ ಮಾತ್ರ ಆಯಾ ಪ್ರೊಸೆಸರಿನದೇ ಆಗಬೇಕು. ಮುದ್ರಿತ ಪುಟವನ್ನು ಪಠ್ಯವಾಗಿಸುವ ಟೆಸರಾಕ್ಟ್‌ನದೂ ಇದೇ ಕತೆ. ಕನ್ನಡದ ತರಬೇತಿ ದತ್ತಾಂಶ ಎಲ್ಲ ಯಂತ್ರಗಳಿಗೂ ಒಂದೇ, ಪ್ರೋಗ್ರಾಮು ಬೇರೆ ಬೇರೆ.

ವಿಂಡೋಸ್‌ನ ಸ್ಥಿತಿ ಬೇರೆ. 1998ರಲ್ಲಿ ಶೇಷಾದ್ರಿ ವಾಸು ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವೆರಡೂ ಇಂಟೆಲ್ ಯಂತ್ರಗಳ ಕಾಲದಲ್ಲಿ ಬೆಳೆದವು. ಆರ್ಮ್ ಪ್ರೊಸೆಸರಿನ ವಿಂಡೋಸ್ 10 ಹಳೆಯ 32 ಬಿಟ್ ಪ್ರೋಗ್ರಾಮುಗಳನ್ನು ಅನುಕರಣೆಯಿಂದ ಓಡಿಸಿತು. 64 ಬಿಟ್ ಪ್ರೋಗ್ರಾಮುಗಳಿಗೆ ಆ ಸೌಲಭ್ಯ 2021ರ ವಿಂಡೋಸ್ 11ರಲ್ಲಿ ಸಿಕ್ಕಿತು. ಡ್ರೈವರುಗಳಿಗೆ ಅನುಕರಣೆ ಇಲ್ಲ. ಅವು ಆರ್ಮ್‌ಗೆಂದೇ ತಯಾರಾಗಿರಬೇಕು.

ಭಾರತೀಯ ವಿಜ್ಞಾನ ಸಂಸ್ಥೆಯ ಅನುಭವ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೂಪರ್‌ಕಂಪ್ಯೂಟರ್‌ಗಳನ್ನು ಬಳಸುವ ಸಂಶೋಧಕರಿಗೆ ಅಡ್ಮಿನ್ ಅಧಿಕಾರ ಇರುವುದಿಲ್ಲ. ಬೇಕಾದ ಲೈಬ್ರರಿಯನ್ನು ಸ್ವಂತ ಫೋಲ್ಡರಿನಲ್ಲೇ ಕಂಪೈಲ್ ಮಾಡಿಕೊಳ್ಳಬೇಕು. ಅಲ್ಲಿದ್ದ ಐಬಿಎಂ ಬ್ಲೂ ಜೀನ್ ಪವರ್‌ಪಿಸಿ ಎಂಬ ಬೇರೆಯೇ ಕುಟುಂಬದ ಪ್ರೊಸೆಸರ್‌ಗಳದ್ದು. 2015ರಲ್ಲಿ ಬಂದ ಕ್ರೇ ಯಂತ್ರ 'ಸಹಸ್ರಟಿ'ಯಲ್ಲಿ ಇಂಟೆಲ್‌ನ ಹ್ಯಾಸ್‌ವೆಲ್ ಪ್ರೊಸೆಸರ್‌ಗಳು. ಸಿ-ಡ್ಯಾಕ್ ಕಟ್ಟಿ 2022ರಲ್ಲಿ ಚಾಲನೆಗೊಂಡ 3.3 ಪೆಟಾಫ್ಲಾಪ್ ಸಾಮರ್ಥ್ಯದ 'ಪರಮ್ ಪ್ರವೇಗ'ದಲ್ಲಿ ಇಂಟೆಲ್‌ನದೇ ಕ್ಯಾಸ್ಕೇಡ್ ಲೇಕ್.

ಬ್ಲೂ ಜೀನ್‌ನ ಪ್ರೋಗ್ರಾಮು ಇಂಟೆಲ್‌ನಲ್ಲಿ ಓಡದು ಎಂಬುದು ಎಲ್ಲರಿಗೂ ಗೊತ್ತಾಗುವ ಸಂಗತಿ. ಒಂದೇ ಕುಟುಂಬದ ಎರಡು ತಲೆಮಾರುಗಳ ನಡುವಿನ ಅಂತರ ಹಾಗಲ್ಲ, ತಡವಾಗಿ ಕಣ್ಣಿಗೆ ಬೀಳುತ್ತದೆ. ಕ್ಯಾಸ್ಕೇಡ್ ಲೇಕ್‌ಗೆ ಎವಿಎಕ್ಸ್-512 ಆದೇಶಗಳು ಗೊತ್ತು, ಹ್ಯಾಸ್‌ವೆಲ್‌ಗೆ ಗೊತ್ತಿಲ್ಲ. 'ಇದೇ ಯಂತ್ರಕ್ಕೆ ಹೊಂದಿಸು' ಎಂಬ ಆಯ್ಕೆಯಲ್ಲಿ ಹೊಸ ಯಂತ್ರದಲ್ಲಿ ಕಂಪೈಲ್ ಮಾಡಿದ ಪ್ರೋಗ್ರಾಮು ಹಳೆಯದರಲ್ಲಿ ಶುರುವಾಗಿ, ಲೆಕ್ಕದ ನಡುವೆ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ನಿಂತುಬಿಡಬಹುದು. ಸೂಪರ್‌ಕಂಪ್ಯೂಟಿಂಗ್ ವಲಯದಲ್ಲಿ ಬಳಕೆಯಲ್ಲಿರುವ ಸ್ಪ್ಯಾಕ್ ಎಂಬ ಸಾಧನ ಪ್ರತಿ ಸ್ಥಾಪನೆಗೂ ಪ್ರೊಸೆಸರ್ ತಲೆಮಾರಿನ ಹೆಸರನ್ನೇ ಅಂಟಿಸಿ ಇಂಥ ಬೆರಕೆಯನ್ನು ತಡೆಯುತ್ತದೆ.

ಇಂಟರ್‌ನೆಟ್ ದುರ್ಬಲವಿರುವ ಊರುಗಳಲ್ಲಿ

ಮಂಡ್ಯ ತಾಲ್ಲೂಕಿನ ದುದ್ದದಂಥ ಹೋಬಳಿ ಕೇಂದ್ರದ ಶಾಲೆಯೊಂದು ಇಂಟೆಲ್ ಡೆಸ್ಕ್‌ಟಾಪುಗಳ ಜೊತೆ ರಾಸ್ಪ್‌ಬೆರಿ ಪೈಗಳನ್ನು ಇಟ್ಟುಕೊಂಡರೆ ಎಲ್ಲ ಯಂತ್ರಗಳಿಗೂ ಬೇರೆ ಬೇರೆ ಡೌನ್‌ಲೋಡ್ ಮಾಡಬೇಕಿಲ್ಲ. ಡೆಬಿಯನ್ 2013ರಲ್ಲಿ ತಂದ 'ಮಲ್ಟಿಆರ್ಚ್' ವ್ಯವಸ್ಥೆಯಿಂದ, ಮಂಡ್ಯದಲ್ಲಿರುವ ಒಂದು ಇಂಟೆಲ್ ಲ್ಯಾಪ್‌ಟಾಪಿನಲ್ಲೇ ಆರ್ಮ್ ಪ್ಯಾಕೇಜುಗಳನ್ನೂ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಒಯ್ಯಬಹುದು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನು ಆಫ್‌ಲೈನ್ ಓದಲು ಕಿವಿಕ್ಸ್ ಇದೆ. ಅದರ 'ಜಿಮ್' ಫೈಲು ಒಂದೇ ಪ್ರತಿ ಸಾಕು, ಓದುವ ಪ್ರೋಗ್ರಾಮು ಮಾತ್ರ ಯಂತ್ರಕ್ಕೆ ತಕ್ಕಂತೆ ಬೇಕು.

ಇತ್ತೀಚಿನ ಬೆಳವಣಿಗೆ

2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ರಿಸ್ಕ್-ಫೈವ್‌ಗೆ ಅಧಿಕೃತ ಸ್ಥಾನ ಕೊಟ್ಟಿತು. 32 ಬಿಟ್ ಎಕ್ಸ್86 ಯಂತ್ರಗಳಿಗೆ ಹೊಸದಾಗಿ ಇನ್‌ಸ್ಟಾಲ್ ಮಾಡುವ ಅವಕಾಶವನ್ನು ಕೈಬಿಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಬೆಂಗಳೂರು ಟೆಕ್ ಶೃಂಗಸಭೆಯಲ್ಲಿ 'ಕಿಯೋ' ಎಂಬ ಅಗ್ಗದ ಕಂಪ್ಯೂಟರನ್ನು ಮುಂದಿಟ್ಟಿತು. ಅದರ ಪ್ರೊಸೆಸರ್ ರಿಸ್ಕ್-ಫೈವ್, ವ್ಯವಸ್ಥೆ ಲಿನಕ್ಸ್. ಇಂಥ ಯಂತ್ರಕ್ಕೆ ಗುಬ್ಬಿ ಫಾಂಟು, ಕೆಜಿಪಿ ಕೀಲಿಮಣೆಯ ಫೈಲು, ಟೆಸರಾಕ್ಟ್‌ನ ಕನ್ನಡ ದತ್ತಾಂಶ, ವಿಕಿಪೀಡಿಯದ ಜಿಮ್ ಫೈಲು ಇದ್ದ ಹಾಗೆಯೇ ಸಲ್ಲುತ್ತವೆ. ಎಂ17ಎನ್, ಟೆಸರಾಕ್ಟ್, ಕಿವಿಕ್ಸ್ ಪ್ರೋಗ್ರಾಮುಗಳು ಮಾತ್ರ ರಿಸ್ಕ್-ಫೈವ್‌ಗೆಂದು ಮತ್ತೆ ಕಂಪೈಲ್ ಆಗಿರಬೇಕು.