ಅಂಕಿತ

ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ 1978ರಲ್ಲಿ ತಲೆಯೆತ್ತಿದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಾಗದವನ್ನು ಮುಟ್ಟದೆಯೇ ಕರಾರುಗಳಿಗೆ ಬೀಳುವ ಡಿಜಿಟಲ್ ಸಹಿಗೆ ಕಾನೂನಿನ ಮನ್ನಣೆಯನ್ನು ಒದಗಿಸಿದುದು ಮಾಹಿತಿ ತಂತ್ರಜ್ಞಾನ ಕಾಯಿದೆ. ಆ ಮಸೂದೆಯಾದರೋ ಕಾಯಿದೆಯೆನಿಸಿದುದು 2000ದ ಜೂನ್ 9ರಂದು, ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಅವರ ಅಂಕಿತದಿಂದ. ಉದ್ಯೋಗಿಯದು ಸಹಿ, ಪೀಣ್ಯದ ಕಾರ್ಖಾನೆಯಲ್ಲಿ ಸರಕನ್ನು ತಪಾಸಣೆ ಮಾಡುವವನದು ರುಜು, ರಾಷ್ಟ್ರಪತಿ ರಾಜ್ಯಪಾಲರದು ಮಾತ್ರ ಅಂಕಿತ. ನಮ್ಮ ಪತ್ರಿಕೆಗಳು ಬಹುಮಟ್ಟಿಗೆ ಪಾಲಿಸಿಕೊಂಡು ಬಂದಿರುವ ಈ ಭೇದವು ಬರಿಯ ಗೌರವದ ಅಲಂಕಾರವಲ್ಲ.

ಅಂಕವೆಂದರೆ ಗುರುತು; ಗುರುತುಗೊಂಡುದು ಅಂಕಿತ. ವ್ಯವಹಾರಕ್ಕಾಗಿ ವ್ಯಕ್ತಿಗೂ ಊರಿಗೂ ಇಟ್ಟ ಹೆಸರನ್ನು ನಮ್ಮ ವೈಯಾಕರಣರು ಅಂಕಿತನಾಮವೆಂದರು. ಆದರೆ ಶಬ್ದವು ತನ್ನ ಪೂರ್ಣಾರ್ಥವನ್ನು ಪಡೆದುದು ಶರಣರಲ್ಲಿ, ದಾಸರಲ್ಲಿ. ಬಸವಣ್ಣನವರು ಕೂಡಲಸಂಗಮದೇವನೆಂದೂ, ಅಲ್ಲಮನು ಗುಹೇಶ್ವರನೆಂದೂ, ಅಕ್ಕನು ಚೆನ್ನಮಲ್ಲಿಕಾರ್ಜುನನೆಂದೂ, ಕನಕದಾಸರು ಕಾಗಿನೆಲೆಯಾದಿಕೇಶವನೆಂದೂ ತಮ್ಮ ನುಡಿಗೆ ಮುದ್ರೆಯೊತ್ತಿದಾಗ, ಆ ಮುದ್ರೆಯಲ್ಲಿ ನುಡಿದವರ ಹೆಸರಿರಲಿಲ್ಲ, ಯಾರಿಗೆ ತಮ್ಮನ್ನು ಒಪ್ಪಿಸಿಕೊಂಡಿದ್ದರೋ ಅವನ ಹೆಸರಿತ್ತು. ಹಾಗೆಂದು ನುಡಿಯ ಹೊಣೆ ಹಗುರವಾಗಲಿಲ್ಲ; ಇಷ್ಟದೈವದ ಹೆಸರಿಟ್ಟು ಹುಸಿಯನ್ನಾಡುವಂತಿಲ್ಲವಾದ್ದರಿಂದ ಅದು ಇಮ್ಮಡಿಯಾಯಿತು.

ಗಣರಾಜ್ಯದ ಮುಖ್ಯಸ್ಥನ ಅಂಕಿತದಲ್ಲಿಯೂ, ತನ್ನನ್ನು ಒಪ್ಪಿಸಿಕೊಳ್ಳುವುದು, ಸಾಕ್ಷಿಯಾಗಿ ಹೊಣೆಹೊರುವುದು ಎಂಬ ಈ ಎರಡು ಗುಣಗಳಿರಬೇಕೆಂದು ನಾನು ನಂಬುತ್ತೇನೆ. ನಿರ್ಣಯವು ಮಂತ್ರಿಮಂಡಲದ್ದು, ಅಧಿಕಾರವು ಪ್ರಜೆಗಳದ್ದು. ಆದರೂ ಸಾಕ್ಷಿಯಾಗಿ ನಿಲ್ಲುವವನು ಆತನು. 1975ರ ಜೂನ್ 25ರ ರಾತ್ರಿ, ಮಂತ್ರಿಮಂಡಲವು ಇನ್ನೂ ಸಭೆ ಸೇರುವ ಮುನ್ನವೇ, ತುರ್ತುಪರಿಸ್ಥಿತಿಯ ಘೋಷಣೆಗೆ ಫಕ್ರುದ್ದೀನ್ ಅಲಿ ಅಹಮದರು ಅಂಕಿತವನ್ನಿತ್ತಾಗ, ಒಪ್ಪಿಸಿಕೊಳ್ಳುವ ಗುಣ ಉಳಿಯಿತು, ಸಾಕ್ಷಿಯ ಗುಣ ಅಳಿಯಿತು.

1977ರ ಫೆಬ್ರುವರಿಯಲ್ಲಿ ಅವರು ತೀರಿಕೊಳ್ಳಲು, ಉಪರಾಷ್ಟ್ರಪತಿಗಳಾಗಿದ್ದ ಬಸಪ್ಪ ದಾನಪ್ಪ ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಜಮಖಂಡಿ ಸೀಮೆಯ ಸಾವಳಗಿಯಲ್ಲಿ ಜನಿಸಿ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದು, 1964ರಲ್ಲಿ ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದ ಅವರಿಗೆ ವಚನಗಳ ಅಂಕಿತವು ನಿತ್ಯಪರಿಚಿತ. ಹೊಸ ಜನತಾ ಸರ್ಕಾರವು ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಸಲಹೆಯಿತ್ತಾಗ, ಏಪ್ರಿಲ್ 29ರಂದು ಸರ್ವೋಚ್ಚ ನ್ಯಾಯಾಲಯವು ರಾಜ್ಯಗಳ ದಾವೆಯನ್ನು ತಳ್ಳಿಹಾಕಿದ್ದರೂ, ಜತ್ತಿಯವರು ಒಡನೆಯೇ ಅಂಕಿತವನ್ನೀಯದೆ ತಡೆದರು, 30ರಂದು ಇತ್ತರು. ಆ ವಿಧಾನಸಭೆಗಳಲ್ಲಿ ಪ್ರಬಲವಾಗಿದ್ದುದು ಅವರ ಹಿಂದಿನ ಪಕ್ಷವೇ ಆದುದರಿಂದ ಪಕ್ಷಪಾತದ ಆಕ್ಷೇಪಣೆ ಕೇಳಿಬಂದಿತು, ಅದು ಅಕಾರಣವೂ ಅಲ್ಲ. 1976ರ 42ನೆಯ ತಿದ್ದುಪಡಿಯು ಸಲಹೆಯಂತೆ ನಡೆಯತಕ್ಕದ್ದೆಂದು ವಿಧಿಸಿದ್ದುದರಿಂದ ತಡೆಯುವ ಅವಕಾಶವೂ ಅವರಿಗಿರಲಿಲ್ಲ. ಆದರೂ ಪ್ರಜೆಗಳು ಆರಿಸಿದ ಸಭೆಗಳನ್ನು ಅವಧಿಗೆ ಮೊದಲೇ ಮುಗಿಸುವ ಪತ್ರದ ಮುಂದೆ ಲೇಖನಿಯು ಅನುಮಾನಿಸಿದುದೂ, ಕಡೆಗೆ ಸಂವಿಧಾನಕ್ಕೆ ತಲೆಬಾಗಿದುದೂ ಎರಡೂ ಆ ಪೀಠಕ್ಕೆ ಒಪ್ಪುವ ನಡೆಗಳೆಂದೇ ನನ್ನ ಭಾವನೆ.

1978ರ 44ನೆಯ ತಿದ್ದುಪಡಿಯು, ಸಲಹೆಯನ್ನು ಮರುಪರಿಶೀಲಿಸಿರೆಂದು ಹೇಳುವ ಹಕ್ಕನ್ನು ರಾಷ್ಟ್ರಪತಿಗೆ ಕೊಟ್ಟಿತು. ಮರುಪರಿಶೀಲಿಸಿ ಕಳುಹಿಸಿದ ಸಲಹೆಗೆ ಮಾತ್ರ ಮಣಿಯಲೇಬೇಕು. 1997ರ ಅಕ್ಟೋಬರಿನಲ್ಲಿ ಉತ್ತರಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆಯನ್ನು ಹೇರುವ ಶಿಫಾರಸನ್ನು ನಾರಾಯಣನ್ ಅವರು ಹಿಂದಿರುಗಿಸಿದರು. ಮಂತ್ರಿಮಂಡಲವು ಅದನ್ನು ಕೈಬಿಟ್ಟಿತು. ಅಲಂಕಾರದ ಪೀಠವೆಂದು ಹಗುರವಾಗಿ ಕರೆಯಲ್ಪಡುವ ಸ್ಥಾನದಿಂದ ಹೊರಟ ಒಂದು ಪ್ರಶ್ನೆಯು ಒಂದು ರಾಜ್ಯದ ಚುನಾಯಿತ ಸರ್ಕಾರವನ್ನು ಉಳಿಸಿತು. ಇಂಥ ಸ್ಥಾನವನ್ನು ಅಲಂಕರಿಸಿದವರು ಬಿಟ್ಟುಹೋಗುವ ಆಸ್ತಿಯೆಂದರೆ ಇದೇ: ಮುಂದೆ ಬರುವವರೂ ಅಂಕಿತಕ್ಕೆ ಮುನ್ನ ಕೇಳಬಹುದೆಂಬ ಸಂಪ್ರದಾಯ.

ವೈಟ್‌ಫೀಲ್ಡಿನ ಕಚೇರಿಗಳಲ್ಲಿಯೂ ಪೀಣ್ಯದ ಶೆಡ್ಡುಗಳಲ್ಲಿಯೂ ಪರರ ನಿರ್ಣಯಕ್ಕೆ ತಮ್ಮ ಸಹಿಯನ್ನು ಕೂಡಿಸುವವರು ಸಾವಿರಾರು ಮಂದಿ. ತಂತ್ರಾಂಶವನ್ನು ಬಿಡುಗಡೆ ಮಾಡಬಹುದೆಂದು ಒಪ್ಪಿಗೆ ಕೊಡುವ ಇಂಜಿನಿಯರಳಿಗೂ, ಯಂತ್ರದ ಬಿಡಿಭಾಗವು ಸರಿಯಿದೆಯೆಂದು ರುಜುಹಾಕುವ ಕಾರ್ಮಿಕನಿಗೂ ರಾಷ್ಟ್ರಪತಿಯಂತೆ ಹಿಂದಿರುಗಿಸುವ ಹಕ್ಕನ್ನು ಯಾವ ಸಂವಿಧಾನವೂ ಬರೆದುಕೊಟ್ಟಿಲ್ಲ. ಹಿಂದಿರುಗಿಸಿದರೆ ಕೆಲಸಕ್ಕೇ ಕುತ್ತು ಬಂದೀತು. ಅವರ ಪ್ರಶ್ನೆಗೆ ರಕ್ಷಣೆಯನ್ನು ಕಲ್ಪಿಸುವುದು ಉದ್ಯಮಗಳ ಮುಖ್ಯಸ್ಥರ ಕರ್ತವ್ಯ. ಒಮ್ಮೆಯಾದರೂ ಕೇಳುವ ಹಕ್ಕು ದೇಶದ ಪ್ರಥಮ ಪ್ರಜೆಗೆ ಅವಶ್ಯವೆಂದು ಅನುಭವದಿಂದ ಕಲಿತ ನಾಡು ಅದನ್ನು ತನ್ನ ಶ್ರಮಜೀವಿಗೆ ನಿರಾಕರಿಸಲಾಗದು.