ಧ್ವಜಸ್ತಂಭದವರೆಗೆ

ಚೋಳ ದೊರೆಯ ಕಿರುಕುಳ ತಾಳದೆ ಶ್ರೀರಂಗ ಬಿಟ್ಟು ಬಂದ ರಾಮಾನುಜರಿಗೆ ನೆಲೆ ಕೊಟ್ಟ ಊರು ತೊಣ್ಣೂರು ಎನ್ನುತ್ತದೆ ಶ್ರೀವೈಷ್ಣವ ಪರಂಪರೆ. ಹೀಗೆ ನೆಲೆ ತಪ್ಪಿ ಬಂದವರ ಧರ್ಮ, ಊರೇ ಹೊರಗಿಟ್ಟ ಜನರನ್ನು ಹೇಗೆ ನಡೆಸಿಕೊಳ್ಳಬೇಕು? ಯಹೂದಿ ವಿಮೋಚನಾ ದೈವಶಾಸ್ತ್ರ ಬೆಳೆದದ್ದೂ ಇಂಥದೇ ಪ್ರಶ್ನೆಯಿಂದ. ಈಜಿಪ್ಟಿನಲ್ಲಿ ಜೀತಕ್ಕಿದ್ದ ನೆನಪೇ ಯಹೂದಿ ಧರ್ಮದ ಬೇರು. ಪರದೇಶಿಯನ್ನು ಪೀಡಿಸಬಾರದೆಂಬ ಕಟ್ಟಳೆ ಹುಟ್ಟಿದ್ದು ಅಲ್ಲಿಂದ. ನಾಜಿಗಳಿಂದಾಗಿ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡ ರಬ್ಬಿ ಅಬ್ರಹಾಂ ಹೆಶೆಲ್, 1965ರಲ್ಲಿ ಅಮೆರಿಕದ ಸೆಲ್ಮಾದಲ್ಲಿ ಕರಿಯರ ಮತದಾನದ ಹಕ್ಕಿಗಾಗಿ ಮಾರ್ಟಿನ್ ಲೂಥರ್ ಕಿಂಗ್ ಜೊತೆ ನಡೆದರು. 1971ರಲ್ಲಿ ಪೆರುವಿನ ಪಾದ್ರಿ ಗುಸ್ತಾವೊ ಗುಟಿಯರೆಸ್ ಬಡವರ ಕಡೆ ನಿಂತು ದೇವರನ್ನು ಅರಿಯುವ ಚಿಂತನೆಯನ್ನು ಗ್ರಂಥವಾಗಿಸಿದರು. 1987ರಲ್ಲಿ ದೈವಶಾಸ್ತ್ರಜ್ಞ ಮಾರ್ಕ್ ಎಲಿಸ್ ಅದೇ ಮಾನದಂಡವನ್ನು ತಮ್ಮ ಯಹೂದಿ ಸಮುದಾಯಕ್ಕೇ ಹಿಡಿದರು. ನೊಂದವರ ಕೈಗೆ ಅಧಿಕಾರ ಬಂದ ಮೇಲೆ ಅವರ ಧರ್ಮ ಪ್ಯಾಲೆಸ್ತೀನಿಯರ ನೋವಿಗೆ ಉತ್ತರ ಕೊಡಲೇಬೇಕೆಂಬುದು ಅವರ ವಾದ. ಈ ಚಿಂತನೆಯ ಬೆಳವಣಿಗೆಯಲ್ಲಿ ನನಗೆ ಬಹುಮುಖ್ಯವಾಗಿ ಕಾಣುವ ತಿರುವು ಇದೇ. ಆಶ್ರಯ ಬೇಡುವಾಗ ಎಲ್ಲ ಧರ್ಮವೂ ಮೃದುವಾಗಿರುತ್ತದೆ. ಅದರ ಪರೀಕ್ಷೆ ಬಾಗಿಲ ಬೀಗದಕೈ ತನ್ನ ಸೊಂಟಕ್ಕೆ ಬಂದಾಗ.

ತೊಣ್ಣೂರಿನ ನೆರೆಯ ಮೇಲುಕೋಟೆಯಲ್ಲಿ ಆ ಪರೀಕ್ಷೆ ನಡೆದದ್ದಕ್ಕೆ ದಾಖಲೆಯಿದೆ. ಉತ್ಸವಮೂರ್ತಿ ಚೆಲುವಪಿಳ್ಳೆಯನ್ನು ದೆಹಲಿಯ ಸುಲ್ತಾನನ ಬಳಿಯಿಂದ ತರುವಾಗ ನೆರವಾದ ಅಸ್ಪೃಶ್ಯರನ್ನು ರಾಮಾನುಜರು 'ತಿರುಕುಲದವರು' ಎಂದು ಕರೆದು, ವರ್ಷಕ್ಕೆ ಮೂರು ದಿನ ಗುಡಿಯೊಳಗೆ ಬರುವ ಹಕ್ಕು ಕೊಟ್ಟರೆಂಬುದು ಐತಿಹ್ಯ. ಮೂರು ದಿನ ಮುಗಿದ ಮೇಲೆ ಗುಡಿಯನ್ನು ಶುದ್ಧಿ ಮಾಡುತ್ತಿದ್ದರು. 1799ರಲ್ಲಿ ದಿವಾನ್ ಪೂರ್ಣಯ್ಯ ಅಲ್ಲಿಗೆ ಬಂದಾಗ ಆ ಪ್ರವೇಶವೂ ಧ್ವಜಸ್ತಂಭಕ್ಕೆ ನಿಂತಿತು. ಅಲ್ಲಿಂದಲೇ ಇಣುಕಿ ದರ್ಶನ ಮಾಡಬೇಕಾಯಿತು ಎಂದು ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತು 1909ರಲ್ಲಿ ಪ್ರಕಟವಾದ ಥರ್ಸ್ಟನ್ನರ ಸಂಪುಟಗಳು ಹೇಳುತ್ತವೆ. ಏಳು ನೂರು ವರ್ಷದಲ್ಲಿ ಹಿಗ್ಗಬೇಕಿದ್ದ ಹಕ್ಕು ಕುಗ್ಗಿತು. ಕೊಟ್ಟದ್ದು ಕೃಪೆಯಾಗಿದ್ದರೆ ಕೊಟ್ಟವರ ಕಡೆಯವರು ಅದನ್ನು ಹಿಂಪಡೆಯಬಲ್ಲರು.

ದೆಹಲಿಯ ಕಥೆ ಚರಿತ್ರೆಯಲ್ಲ ಎಂಬ ಆಕ್ಷೇಪ ಸರಿಯಾದದ್ದೇ: ರಾಮಾನುಜರ ಕಾಲಕ್ಕೆ ದೆಹಲಿಯಲ್ಲಿ ಸುಲ್ತಾನರಿರಲಿಲ್ಲ. ಆದರೆ ಹಕ್ಕು ಆಚರಣೆಯಲ್ಲಿತ್ತು, ಅದನ್ನು ಮೊಟಕುಗೊಳಿಸಲಾಯಿತು ಎಂಬುದು ಐತಿಹ್ಯವನ್ನು ನೆಚ್ಚಿಕೊಂಡ ಮಾತಲ್ಲ. ಹನ್ನೆರಡನೆಯ ಶತಮಾನಕ್ಕೆ ಮೂರು ದಿನವೇ ದೊಡ್ಡದು ಎನ್ನುವವರೂ ಇದ್ದಾರೆ. ದೊಡ್ಡದು ಹೌದು, ಅದನ್ನು ಹಗುರ ಮಾಡುವುದು ಅನ್ಯಾಯ. ಆದರೂ ಆ ಹಿರಿಮೆಯನ್ನು ಹಾಡಿ ಹೊಗಳುವಾಗ ಶುದ್ಧಿಯ ನೀರನ್ನು ಮರೆಯುವುದು ಇನ್ನೂ ದೊಡ್ಡ ಅನ್ಯಾಯ. ತೊಣ್ಣೂರಿನ ಮಟ್ಟಿಗೆ ಇನ್ನೊಂದು ಮಾತೂ ಉಂಟು: ಅಲ್ಲಿ ರಾಮಾನುಜರು ಜೈನರನ್ನು ವಾದದಲ್ಲಿ ಗೆದ್ದ ಕಥೆಯನ್ನು ಸೋತವರ ಕಡೆಯಿಂದ ಕೇಳಿದವರು ಕಡಿಮೆ.

ಹೊರಗಿಟ್ಟವರ ಕಡೆಯಿಂದ ಕೇಳುವ ಯತ್ನವೂ ನಡೆದಿದೆ: 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಕ್ರೈಸ್ತ ದೈವಶಾಸ್ತ್ರಜ್ಞ ಅರವಿಂದ ನಿರ್ಮಲ್ ಶೂದ್ರ ದೈವಶಾಸ್ತ್ರದ ಮಾತೆತ್ತಿದರು. ಮುಂದೆ ಅದೇ ದಲಿತ ದೈವಶಾಸ್ತ್ರವಾಗಿ ಬೆಳೆಯಿತು. ದಲಿತರ ನೋವಿನಿಂದ ದೇವರ ಬಗ್ಗೆ ಮಾತಾಡಬೇಕಾದವರು ದಲಿತರೇ ಎಂದಿತು. ಆ ಕಡೆಯಿಂದ ನೋಡಿದರೆ ಮೇಲುಕೋಟೆಯ ಐತಿಹ್ಯದ ಮೊದಲ ದಾನಿಗಳೇ ಬೇರೆ. ಗುಡಿ ಯಾರಿಗೂ ಮೂರು ದಿನ ಕೊಡುವುದಕ್ಕೆ ಮೊದಲೇ, ದಾರಿಯಲ್ಲಿ ದೇವರನ್ನು ಕಾಪಾಡಿ ಗುಡಿಗೆ ಕೊಟ್ಟವರು ತಿರುಕುಲದವರು.