ಏನೂ ಮಾಡಲ್ಲ ಅಂದವರ ಲೆಕ್ಕ

ಜನಗಣತಿಗೆ ಮುಂಚೆ ಇಲಾಖೆಯವರು ಆಯ್ದ ಕೆಲವು ಊರು, ಓಣಿಗಳಲ್ಲಿ ಕರಡು ಫಾರಂ ಹಿಡಿದು ಒಂದು ಸುತ್ತು ಕೇಳಿ ನೋಡುತ್ತಾರೆ. ಯಾವ ಪ್ರಶ್ನೆಗೆ ಜನ ಮುಖ ಮುಖ ನೋಡುತ್ತಾರೆ, ಒಂದು ಮನೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಅಲ್ಲಿ ತಿಳಿಯಬೇಕು. ಆಮೇಲೆ ಫಾರಂ ಅಚ್ಚಾಗಿ ನಮ್ಮಂಥ ಮೇಷ್ಟ್ರ ಕೈಗೆ ಬರುತ್ತದೆ.

ಬ್ರಿಟಿಷರ ಕಾಲದಲ್ಲೂ ಒಂದು ತರದ ಪರೀಕ್ಷೆ ಇತ್ತು. ನಮ್ಮ ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದ್ದು. 1881ರ ಗಣತಿಯಲ್ಲಿ ಫೆಬ್ರುವರಿ 17ರ ರಾತ್ರಿ, ಮೊದಲೇ ಬರೆದಿಟ್ಟ ಪಟ್ಟಿ ಹಿಡಿದು ಮತ್ತೆ ಮನೆಮನೆಗೆ ಹೋಗಿ, ಸತ್ತವರನ್ನು ಹೊಡೆದುಹಾಕಿ ಹುಟ್ಟಿದವರನ್ನು ಸೇರಿಸಿದರು. 1876–78ರ ದೊಡ್ಡ ಬರ ಕಳೆದು ಮೂರೇ ವರ್ಷ; ಹೊಡೆದುಹಾಕಬೇಕಾದ ಹೆಸರುಗಳು ಆ ಪಟ್ಟಿಗೆ ಬರುವ ಮೊದಲೇ ಹೋಗಿದ್ದವು. ಆದರೆ ಆ ರಾತ್ರಿ ಪರೀಕ್ಷೆಗೆ ನಿಂತದ್ದು ಪಟ್ಟಿ. ಪ್ರಶ್ನೆಯೇ ಸರಿಯಿದೆಯೋ ಇಲ್ಲವೋ ಎಂದು ನೋಡುವ ಕೆಲಸಕ್ಕೆ ಒತ್ತು ಬಂದದ್ದು ಸ್ವಾತಂತ್ರ್ಯದ ನಂತರ, ಅಶೋಕ್ ಮಿತ್ರ 1961ರ ಗಣತಿ ನಡೆಸಿದ ಹೊತ್ತಿಗೆ.

ಪರೀಕ್ಷೆ ಮಾಡಿದ ಮಾತ್ರಕ್ಕೆ ಪ್ರಶ್ನೆ ಪಾಸಾಯಿತು ಅನ್ನುವಂತಿಲ್ಲ. 1971ರಲ್ಲಿ ಪ್ರತಿಯೊಬ್ಬರಿಗೂ ‘ನಿಮ್ಮ ಮುಖ್ಯ ಚಟುವಟಿಕೆ ಏನು’ ಎಂದು ಕೇಳಿದರು. 1961ರಲ್ಲಿ ದೇಶದಲ್ಲಿ ದುಡಿಯುವ ಹೆಂಗಸರು ಸುಮಾರು 5.9 ಕೋಟಿ, ಹತ್ತು ವರ್ಷಕ್ಕೆ 3.1 ಕೋಟಿ! ಹೊಲ ಬಿಟ್ಟು ಯಾರೂ ಎಲ್ಲಿಗೂ ಹೋಗಿರಲಿಲ್ಲ. ಅಡುಗೆ, ಮಕ್ಕಳು ‘ಮುಖ್ಯ’ವಾಗಿ, ನಾಟಿ, ಕಳೆ, ಕೊಯ್ಲು ಫಾರಂನ ಹೊರಗೆ ಉಳಿದವು. ತಪ್ಪಿನ ಅಳತೆ ತಿಳಿಯಲು ಇಲಾಖೆ ಆಮೇಲೆ ಕೆಲವು ಮನೆಗಳಲ್ಲಿ ಮರುಸಮೀಕ್ಷೆ ಮಾಡಿಸಬೇಕಾಯಿತು. 1981ರಲ್ಲಿ ‘ಹೋದ ವರ್ಷ ಯಾವಾಗಲಾದರೂ ಕೆಲಸ ಮಾಡಿದ್ದೀರಾ’ ಎಂದು ಬದಲಾಯಿಸಿದರು. 1991ರಲ್ಲಿ ಅದಕ್ಕೆ ಒಂದು ಬಾಲ ಸೇರಿತು: ಸ್ವಂತ ಹೊಲದಲ್ಲಿ ಕೂಲಿಯಿಲ್ಲದೆ ದುಡಿದದ್ದೂ ಸೇರಿ.

ಆ ಬಾಲದ ಬೆಲೆ ನನಗೆ ಗೊತ್ತಾದದ್ದು ಸಿರುಗುಪ್ಪ ಕಡೆಯ ಹಚ್ಚೊಳ್ಳಿಯಲ್ಲಿ, 1991ರ ಫೆಬ್ರುವರಿಯಲ್ಲಿ. ಕಾಲುವೆ ನೀರಿನ ಕಡೆ ಬೇಸಿಗೆ ನೆಲ್ಲಿನ ನಾಟಿ ಮುಗಿಯುತ್ತಿದ್ದ ಕಾಲ. ಕಟ್ಟೆ ಮೇಲೆ ಕೂತ ಯಜಮಾನ, ಹೆಂಡತಿ ಏನು ಮಾಡ್ತಾರೆ ಅಂದರೆ, “ಏನೂ ಮಾಡಲ್ಲ ಸಾರ್, ಮನ್ಯಾಗ ಇರ್ತಾಳ” ಅಂದ. ಆಕೆ ಆಗಷ್ಟೇ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದಳು; ಮೊಣಕಾಲ ಕೆಳಗೆ ಎರೆಮಣ್ಣು ಒಣಗಿ ಬಿರಿದಿತ್ತು. ನಾನು ಬಾಲವನ್ನೂ ಸೇರಿಸಿ, ಈ ಸಲ ಆಕೆಯನ್ನೇ ಕೇಳಿದೆ. “ನಮ್ಮ ಹೊಲದಾಗ ಮಾಡಿದ್ದೂ ಬರಕೊಂತೀರೇನ್ರಿ ಮೇಷ್ಟ್ರ? ಹಂಗಾದ್ರ ದನದ್ದೂ ಬರಕೊಳ್ರಿ” ಅಂದಳು. ಯಜಮಾನ ನಕ್ಕ. ನಾನು ಬರೆದುಕೊಂಡೆ.

ಈಗಿನದು ಮೊಬೈಲ್ ಗಣತಿ. 2025ರ ನವೆಂಬರ್ 10ರಿಂದ 30ರವರೆಗೆ ದೇಶದ ಆಯ್ದ ಕಡೆ ಮನೆಪಟ್ಟಿ ಹಂತದ ಪೂರ್ವಪರೀಕ್ಷೆ ನಡೆಯಿತು. ಅದಕ್ಕೂ ಮುಂಚೆ 1ರಿಂದ 7ರವರೆಗೆ ಜನರೇ ತಮ್ಮ ವಿವರ ತುಂಬಲು ಅವಕಾಶ ಇತ್ತು. ಮನೆಯಲ್ಲಿ ಮುಖ್ಯವಾಗಿ ತಿನ್ನುವ ಧಾನ್ಯ ಯಾವುದು ಎಂಬ ಪ್ರಶ್ನೆಯೂ ಈಗ ಮನೆಪಟ್ಟಿಯಲ್ಲಿದೆ. ನೆಲ್ಲು ಬೆಳೆದು ಮಾರಿ, ಮಧ್ಯಾಹ್ನ ಅನ್ನ, ರಾತ್ರಿ ಜೋಳದ ರೊಟ್ಟಿ ಉಣ್ಣುವ ನಮ್ಮ ಸಿರುಗುಪ್ಪ ಕಡೆಯವರು ಏನು ಹೇಳುತ್ತಾರೋ! ಅದು ಹೋಗಲಿ. ಕೆಲಸದ ಪ್ರಶ್ನೆ ಬರುವುದು 2027ರ ಫೆಬ್ರುವರಿಯ ಎರಡನೇ ಹಂತದಲ್ಲಿ. ಜನರೇ ತುಂಬುವ ಪದ್ಧತಿಯಲ್ಲಿ ಫೋನು ಬಹುಪಾಲು ಯಜಮಾನನ ಕೈಯಲ್ಲೇ ಇರುತ್ತದೆ, ಎದುರಿಗೆ ಮೇಷ್ಟ್ರೂ ಇರುವುದಿಲ್ಲ. ಪರೀಕ್ಷಿಸುವವರು ಆ್ಯಪಿನ ವೇಗದ ಜೊತೆಗೆ, ಹೆಂಗಸರ ಕಾಲಂ ತುಂಬಿದವರು ಯಾರು ಎಂದೂ ನೋಡಲಿ.